ಏಳಡಿ, ನಾಲ್ಕಡಿಯ ಯುಟಿಲಿಟಿ

ಅಡುಗೆಮನೆಯ ಹಿಂದಿನ ಆ ಪುಟ್ಟ ಬಾಲ್ಕನಿಗೆ ಕನ್ನಡದಲ್ಲಿ ಇನ್ನೂ ಹೆಸರು ಹುಟ್ಟಿಲ್ಲ. ಹಿತ್ತಿಲೂ ಅಲ್ಲ, ಬಚ್ಚಲೂ ಅಲ್ಲ. ಎಲ್ಲರೂ ‘ಯುಟಿಲಿಟಿ’ ಎನ್ನುತ್ತಾರೆ. ಒಗೆಯುವ ಕಲ್ಲು, ಬಟ್ಟೆ ಒಣಗುವ ತಂತಿ, ಬಕೆಟ್ಟು, ಪೊರಕೆ ಎಂದು ಒಂದು ಹಿತ್ತಿಲ ತುಂಬ ಹರಡಿಕೊಂಡಿದ್ದದ್ದೆಲ್ಲ ಫ್ಲ್ಯಾಟುಗಳಲ್ಲಿ ಈಗ ಇಷ್ಟೇ ಜಾಗಕ್ಕೆ ಬಂದು ಕೂತಿದೆ.

ಬೆಂಗಳೂರಿನ ಓದುಗರೊಬ್ಬರು ತಮ್ಮ ಯುಟಿಲಿಟಿಯ ಅಳತೆಯನ್ನೂ ಬಡಗಿ ಬರೆದುಕೊಟ್ಟ ನಕ್ಷೆಯನ್ನೂ ಕಳಿಸಿ, ಸರಿಯಿದೆಯೇ ನೋಡಿ ಎಂದಿದ್ದಾರೆ. ಏಳಡಿ ಉದ್ದ, ನಾಲ್ಕಡಿ ಅಗಲ. ಉದ್ದದ ಒಂದು ಬದಿಗೆ ಅಡುಗೆಮನೆಯ ಬಾಗಿಲು, ಎದುರಿಗೆ ಕಂಬಿ ಹಾಕಿದ ತೆರೆದ ಬದಿ. ಮುಂಬಾಗಿಲಿನ, ಅಂದರೆ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಆಗಲೇ ಬಂದಿದೆ. ಮನೆಯಲ್ಲಿ ಮೂರು ವರ್ಷದ ಮಗು, ಮಂಡಿನೋವಿನ ಅತ್ತೆ. ಮೆಷಿನ್‌ಗೆ ಬಟ್ಟೆ ಹಾಕುವವರು ಹೆಚ್ಚಾಗಿ ಅತ್ತೆಯೇ. ಈ ಮಾತು ಪತ್ರದ ಕೊನೆಯಲ್ಲಿತ್ತು; ನಾನು ಅಲ್ಲಿಂದಲೇ ಶುರುಮಾಡುತ್ತೇನೆ.

ಬಡಗಿಯ ನಕ್ಷೆಯಲ್ಲಿ ಕಂಬಿಯ ಬದಿಗೆ ಉದ್ದಕ್ಕೂ ನೆಲದಿಂದ ಸೂರಿನವರೆಗೆ ಕಪಾಟು, ಅದರೊಳಗೆ ಬಾಗಿಲು ಹಾಕಿ ಮುಚ್ಚಿದ ಮೆಷಿನ್. ಕಾಗದದ ಮೇಲೆ ಚೆಂದವೇ. ಆದರೆ ಲೆಕ್ಕ ಹಾಕೋಣ. ಮೆಷಿನ್ ಸುಮಾರು 24 ಇಂಚು ಆಳ. ಹಿಂದೆ ನೀರಿನ ಪೈಪಿಗೆ 4 ಇಂಚು ಬೇಕೇಬೇಕು. 48 ಇಂಚಿನ ಅಗಲದಲ್ಲಿ 28 ಹೋದರೆ ಉಳಿಯುವುದು 20. ಮೆಷಿನ್‌ನ ದುಂಡು ಬಾಗಿಲು ತೆರೆದರೆ ನಿಲ್ಲುವುದಕ್ಕೇ ಜಾಗ ಸಾಲದು. ಮಂಡಿ ಬಗ್ಗದವರು ಕೂತು ಬಟ್ಟೆ ತೆಗೆಯುವುದಂತೂ ದೂರವೇ ಉಳಿಯಿತು.

ಅದೇ ಮೆಷಿನನ್ನು ನಲ್ಲಿಯಿರುವ ಗಿಡ್ಡ ಗೋಡೆಗೆ ಒರಗಿಸಿ, ಮುಖ ಉದ್ದಕ್ಕೆ ತಿರುಗಿಸಿ. 84ರಲ್ಲಿ 28 ಕಳೆದರೆ ಎದುರಿಗೆ 56 ಇಂಚು ಖಾಲಿ. ಒಂದಡಿ ಎತ್ತರದ ಸ್ಟೂಲ್ ಹಾಕಿಕೊಂಡು, ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಅತ್ತೆಯವರು ನೆಮ್ಮದಿಯಾಗಿ ಕೂರಬಹುದು. ಮೆಷಿನ್‌ನ ಎರಡೂ ಪಕ್ಕ ಎರಡೆರಡು ಇಂಚು ಬಿಟ್ಟರೂ ಅದೇ ಗೋಡೆಯಲ್ಲಿ ಇನ್ನೂ 20 ಇಂಚು ಮಿಗುತ್ತದೆ. ಅಲ್ಲಿ ಕಿರಿದಾದ ಎತ್ತರದ ಕಪಾಟು ಬರಲಿ: ಮಾಪು, ಪೊರಕೆ, ಇಸ್ತ್ರಿಯ ಹಲಗೆ ನಿಲ್ಲಿಸಿಡಲು. ಇವುಗಳಿಗೆ ಒಳಗೆ ಅಡ್ಡಹಲಗೆ ಬೇಡ, ಕೊಕ್ಕೆ ಸಾಕು.

ಕಂಬಿಯ ಬದಿಯನ್ನು ಮುಚ್ಚುವುದು ಬೇಡವೇ ಬೇಡ. ಮಳೆಗಾಲದಲ್ಲಿ ಬಟ್ಟೆ ಒಣಗಬೇಕಾದರೆ ನಿಮಗಿರುವ ಗಾಳಿ ಅದೊಂದೇ. ಅಲ್ಲಿ ಸೂರಿನಿಂದ ಹಗ್ಗದಲ್ಲಿ ಇಳಿಸಿ ಏರಿಸುವ ಕೊಳವೆಗಳ ಹ್ಯಾಂಗರ್ ಹಾಕಿಸಿ. ಎಷ್ಟು ಕಪಾಟು ಕೂರಿಸಬಹುದು ಎಂದು ನೋಡುವವರೇ ಹೆಚ್ಚು, ಬಟ್ಟೆ ಎಲ್ಲಿ ಒಣಗುತ್ತದೆ ಎಂದು ಕೇಳುವವರು ಕಡಿಮೆ.

ಮೆಷಿನ್ ಸುಮಾರು 34 ಇಂಚು ಎತ್ತರ. ಅದರ ಮೇಲೆ, 36 ಇಂಚಿಗೆ, ಬಟ್ಟೆ ಮಡಿಸಲು ಒಂದು ಹಲಗೆ ಬರಬಹುದು. ಅದು ಗೋಡೆಯ ಆಧಾರದಲ್ಲಿ ನಿಲ್ಲಲಿ, ಮೆಷಿನ್ ಮೇಲೆ ಕೂರುವುದು ಬೇಡ. ಹಿಂಡುವಾಗಿನ ನಡುಕಕ್ಕೆ ಮೇಲಿಟ್ಟದ್ದೆಲ್ಲ ಜಾರಿ ಬೀಳುತ್ತದೆ. ಹಲಗೆಯಿಂದ 20 ಇಂಚು ಬಿಟ್ಟು ಮೇಲ್ಗಪಾಟು, 12 ಇಂಚಿಗಿಂತ ಆಳ ಬೇಡ, ತಲೆ ತಾಗುತ್ತದೆ. ಮೆಷಿನ್ ಮುಂದೆ ಏನನ್ನೂ ಕೂರಿಸಬೇಡಿ. ಅದರ ಕೆಳಭಾಗದ ಪುಟ್ಟ ಮುಚ್ಚಳದ ಹಿಂದೆ ಫಿಲ್ಟರ್ ಇರುತ್ತದೆ, ನಾಣ್ಯ, ಗುಂಡಿ, ಕೂದಲು ಸಿಕ್ಕಿಕೊಳ್ಳುವುದು ಅಲ್ಲೇ. ರಿಪೇರಿಯವರು ಬಂದರೆ ಮೆಷಿನನ್ನು ನೇರ ಮುಂದಕ್ಕೆ ಎಳೆಯುವಂತಿರಬೇಕು.

ಮೆಷಿನನ್ನು ಬಾಗಿಲಿನ ಹಿಂದೆ ಮುಚ್ಚಿಡುವ ಆಸೆಯನ್ನೂ ಬಿಡಿ. ಒಗೆದ ಮೇಲೆ ಅದರ ಬಾಗಿಲ ಸುತ್ತಲಿನ ರಬ್ಬರಿನಲ್ಲಿ ನೀರು ನಿಲ್ಲುತ್ತದೆ. ಗಾಳಿಯಾಡದಿದ್ದರೆ ಕಪ್ಪು ಬೂಷ್ಟು ಹಿಡಿದು ಬಟ್ಟೆಗೆಲ್ಲ ಮುಗ್ಗಲು ವಾಸನೆ. ಹಾಗಾಗಿ ಮೆಷಿನ್ ಬಾಗಿಲು ತುಸು ತೆರೆದಿರಬೇಕು. ಆದರೆ ಮೂರು ವರ್ಷದ ಮಗುವಿಗೆ ಆ ದುಂಡು ಗುಹೆ ಆಟದ ಮನೆಯಂತೆ ಕಾಣುತ್ತದೆ. ಒಳಗೆ ಹತ್ತಿದ ಮೇಲೆ ಬಾಗಿಲು ಮುಚ್ಚಿಕೊಂಡರೆ ಒಳಗಿನಿಂದ ತೆರೆಯಲಾಗದು. ಮೆಷಿನ್‌ನ ‘ಚೈಲ್ಡ್ ಲಾಕ್’ ನಂಬಿ ಕೂರಬೇಡಿ. ಹಲವು ಮಾದರಿಗಳಲ್ಲಿ ಅದು ಗುಂಡಿಗಳನ್ನಷ್ಟೇ ತಡೆಯುತ್ತದೆ. ಮಗು ಎಚ್ಚರವಿರುವಾಗ ರಬ್ಬರನ್ನು ಒಣಬಟ್ಟೆಯಿಂದ ಒರೆಸಿ ಬಾಗಿಲು ಮುಚ್ಚಿ, ಮಲಗಿದ ಮೇಲೆ ತೆರೆದಿಡಿ. ಜೊತೆಗೆ ಅಡುಗೆಮನೆಯಿಂದ ಯುಟಿಲಿಟಿಗೆ ಹೋಗುವ ಬಾಗಿಲಿನ ಮೇಲ್ತುದಿಗೆ ಒಂದು ಚಿಲಕ ಹಾಕಿಸಿ. ಇಡೀ ಕೆಲಸದಲ್ಲಿ ಅತಿ ಅಗ್ಗದ ಬಾಬ್ತು ಅದೇ, ನನ್ನ ಪಟ್ಟಿಯಲ್ಲಿ ಮೊದಲನೆಯದೂ ಅದೇ.

ಮೇಲ್ಗಪಾಟಿನಲ್ಲಿ ಏನಿಡುವುದು ಎಂಬುದೂ ಮಗುವಿನ ಪ್ರಶ್ನೆಯೇ. ಬ್ಲೀಚು, ಆಸಿಡ್, ಫಿನಾಯಿಲ್ ಇವೆಲ್ಲ ಮೇಲಿನ ಖಾನೆಯಲ್ಲಿ, ಬೀಗದೊಳಗೆ. ಐದು ಲೀಟರಿನ ಕ್ಯಾನು ಅಗ್ಗವೆಂದು ತರಬೇಡಿ. ತಲೆಗಿಂತ ಮೇಲಿನಿಂದ ಅದನ್ನು ಇಳಿಸುವುದು ಕಷ್ಟ, ಆಮೇಲೆ ಅದನ್ನು ಸಣ್ಣ ಬಾಟಲಿಗೆ ಬಗ್ಗಿಸುವ ಕೆಲಸ ಬೇರೆ. ಆ ಸಣ್ಣ ಬಾಟಲಿ ಬಹಳಷ್ಟು ಮನೆಗಳಲ್ಲಿ ಖಾಲಿಯಾದ ತಂಪು ಪಾನೀಯದ ಬಾಟಲಿಯೇ. ಬಣ್ಣದ ನೀರಿರುವ ಆ ಬಾಟಲಿಯನ್ನು ಮಗು ಏನೆಂದುಕೊಳ್ಳುತ್ತದೆ, ಹೇಳಿ. ಅಂಗಡಿಯಿಂದ ಬಂದ ಬಾಟಲಿಯಲ್ಲೇ, ಅದರ ಚೀಟಿಯೊಂದಿಗೇ ಇರಲಿ. ಇನ್ನೊಂದು ಮಾತು: ಶೌಚಾಲಯ ತೊಳೆಯುವ ಆಸಿಡ್ಡೂ ಬ್ಲೀಚೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರುಕಟ್ಟಿಸುವ ವಿಷ ಅದು. ಇವೆರಡನ್ನು ಅಕ್ಕಪಕ್ಕ ಇಡಬೇಡಿ. ಒಂದು ಸೋರಿದರೂ ಅಪಾಯ. ಆಸಿಡ್ ಬಚ್ಚಲುಮನೆಯ ಎತ್ತರದ ಕಪಾಟಿಗೆ ಹೋಗಲಿ. ಸೋಪಿನ ಪುಡಿ, ಲಿಕ್ವಿಡ್ ದಿನಾ ಬೇಕಾದ್ದರಿಂದ ಕೆಳಗಿನ ಖಾನೆ ಸಾಕು. ಆದರೆ ಅವೂ ಮಗುವಿನ ಕೈಗೆ ಎಟುಕಬಾರದು.

ಬಡಗಿ ಗ್ಯಾಸ್ ಸಿಲಿಂಡರನ್ನೂ ಮುಚ್ಚಿದ ಕಪಾಟಿನೊಳಗೆ ತೋರಿಸಿದ್ದಾನೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಅದಕ್ಕೆ ಕಪಾಟೇ ಬೇಡ. ಮೆಷಿನ್‌ನ ಪ್ಲಗ್ಗು, ಸ್ವಿಚ್ಚುಗಳಿಂದ ದೂರ, ಇನ್ನೊಂದು ತುದಿಯಲ್ಲಿ ಗಾಳಿಯಾಡುವಂತೆ ನಿಲ್ಲಲಿ. ಮೆಷಿನ್‌ಗೆ ಅರ್ತಿಂಗ್ ಇರುವ 16 ಆಂಪಿಯರ್ ಪಾಯಿಂಟ್ ಬೇಕು. ಅದು ಮೆಷಿನ್ ಹಿಂದೆ ಅಡಗಿರಬಾರದು, ನಲ್ಲಿಗೆ ಹತ್ತಿರವಿರಬಾರದು, ಕೈ ಚಾಚಿದರೆ ಆರಿಸುವಂತಿರಬೇಕು.

ಇನ್ನು ಮರ. ಕಂಬಿಯಿಂದ ಇರಚಲು ಹೊಡೆಯುವ ಜಾಗವಿದು. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬುತ್ತವೆ, ಬೇಡ. ಹಲಗೆಯ ಮೇಲೆ ಐಎಸ್ 710 ಎಂಬ ಮುದ್ರೆಯಿರುವ ಮರೀನ್ ಪ್ಲೈ ಕೇಳಿ. ಬಡಗಿ ‘ವಾಟರ್‌ಪ್ರೂಫ್ ಸಾರ್’ ಎಂದರೆ ಸಾಲದು, ಮುದ್ರೆ ನೋಡಿ. ಕೊಯ್ದ ಅಂಚುಗಳಿಗೂ ಪೈಪಿಗೆ ಕೊರೆದ ತೂತಿನ ಒಳಬದಿಗೂ ಸೀಲ್ ಆಗಬೇಕು. ನೀರು ಒಳಹೋಗುವುದು ಅಲ್ಲಿಂದಲೇ. ಕಪಾಟು ನೆಲಕ್ಕೆ ತಾಗದೆ ನಾಲ್ಕಿಂಚಿನ ಕಾಲುಗಳ ಮೇಲೆ ನಿಲ್ಲಲಿ, ಕೀಲುಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ದುಡ್ಡು ಸಾಲದಿದ್ದರೆ ಒಂದು ಕಪಾಟು ಕಡಿಮೆ ಮಾಡಿಸಿ, ಮರದ ದರ್ಜೆ ಇಳಿಸಬೇಡಿ.

ಮಗುವಿಗೂ ಇಲ್ಲಿ ಸ್ವಲ್ಪ ಜಾಗವಿರಲಿ. ಚಿಲಕದ ಈಚೆ, ಅಡುಗೆಮನೆಯ ಬದಿಗೆ, ಎರಡಡಿ ಎತ್ತರದಲ್ಲಿ ಒಂದು ಕೊಕ್ಕೆ, ಅದಕ್ಕೊಂದು ಬಟ್ಟೆಚೀಲ. ತನ್ನ ಕೊಳೆಯಾದ ಕಾಲುಚೀಲ ತಾನೇ ಹಾಕಲಿ.

ಮುಂಗಡ ಕೊಡುವ ಮೊದಲು ಸೀಮೆಸುಣ್ಣ ತೆಗೆದುಕೊಂಡು ಯುಟಿಲಿಟಿಯ ನೆಲದ ಮೇಲೇ ಮೆಷಿನ್, ಕಪಾಟುಗಳ ಗೆರೆ ಎಳೆಯಿರಿ. ಬಾಗಿಲುಗಳು ತೆರೆಯುವ ಕಮಾನನ್ನೂ ಬರೆಯಿರಿ. ಆಮೇಲೆ ಅಲ್ಲೊಂದು ಸ್ಟೂಲ್ ಹಾಕಿ, ಅತ್ತೆಯವರನ್ನು ಕರೆದು ಕೂರಿಸಿ ನೋಡಿ. ಅವರು ಸರಿಯೆಂದ ಮೇಲೆ ಬಡಗಿಗೆ ಫೋನ್ ಮಾಡಿದರಾಯಿತು.