ಪಾಟಾ ಏರಿಸಿದಿರಿ, ಪಿನಿಯನ್ ನೋಡಿದಿರಾ?

ರೋಣ, ಗಜೇಂದ್ರಗಡದ ಕಡೆ ಉಳ್ಳಾಗಡ್ಡಿ ಸುಗ್ಗಿ ಬಂತೆಂದರೆ ಪಿಕಪ್ ಮಾಲೀಕರಿಗೆ ಹಿಂದಿನ ಪಾಟಾದ್ದೇ (ಲೀಫ್ ಸ್ಪ್ರಿಂಗಿನದೇ) ಚಿಂತೆ: ಇನ್ನೆರಡು ಕೂಡಿಸಬೇಕು. ನರಗುಂದದಲ್ಲಿ ಕಡಲೆ, ಹತ್ತಿ ಹೇರುವವರದೂ ಅದೇ ಪದ್ಧತಿ. ಮಿಸ್ತ್ರಿ ಕೂಡಿಸುತ್ತಾನೆ. ಸಾಲದಿದ್ದರೆ ಉದ್ದನೆಯ ಶ್ಯಾಕಲ್ಲನ್ನೂ ಜೋಡಿಸುತ್ತಾನೆ. ಗಾಡಿಯ ಬೆನ್ನು ಎದ್ದು ನಿಂತಿತು, ಕೆಲಸ ಮುಗಿಯಿತು! ಹಿಂದಿನ ಆಕ್ಸಲ್ಲಿಗೆ ಶಾಫ್ಟ್ ಸೇರುವ ಪಿನಿಯನ್ ಮೂತಿ ಈಗ ಯಾವ ಕಡೆ ನೋಡುತ್ತಿದೆ ಎಂದು ಬಗ್ಗಿ ನೋಡಿದವರೆಷ್ಟು ಮಂದಿ? ಗೊತ್ತಿಲ್ಲ ಎಂಬ ನೆಪವನ್ನು ಒಪ್ಪಲಾರೆ. ಪಾಟಾ ಬಿಚ್ಚಿ ಕಟ್ಟುವ ಕೈಗೆ ಇದು ಗೊತ್ತಿರಲೇಬೇಕು.

ಪಾಟಾದ ಮುಂದಿನ ಕಣ್ಣು ಚಾಸಿಗೆ ಬಿಗಿದಿರುತ್ತದೆ, ಹಿಂದಿನದು ಶ್ಯಾಕಲ್ಲಿನಲ್ಲಿ ತೂಗುತ್ತದೆ. ಶ್ಯಾಕಲ್ ಉದ್ದವಾದರೆ ಪಾಟಾದ ಹಿಂತುದಿ ಕೆಳಗಿಳಿಯುತ್ತದೆ, ಆಕ್ಸಲ್ ತಿರುಗಿ ಪಿನಿಯನ್ ಮೇಲೇಳುತ್ತದೆ. ಗೇರ್‌ಬಾಕ್ಸ್ ಮಾತ್ರ ಇದ್ದಲ್ಲೇ. ಇವೆರಡನ್ನೂ ಕೂಡಿಸುವ ಶಾಫ್ಟಿನ ಎರಡು ತುದಿಯ ಕ್ರಾಸ್‌ಗಳ (ಯೂನಿವರ್ಸಲ್ ಜಾಯಿಂಟ್) ಕೋನ ಹೀಗೆ ಬೇರೆಬೇರೆಯಾಗುತ್ತದೆ. ಓರೆಯಾಗಿ ತಿರುಗುವ ಕ್ರಾಸ್ ಸುತ್ತಿಗೆ ಎರಡು ಸಲ ಶಾಫ್ಟಿನ ವೇಗವನ್ನು ಏರಿಳಿಸುತ್ತದೆ: 3 ಡಿಗ್ರಿಗೆ ಶೇ. 0.14ರಷ್ಟು, 10 ಡಿಗ್ರಿಗೆ ಶೇ. 1.5ರಷ್ಟು. ಎರಡೂ ತುದಿಯ ಕೋನ ಸಮವಿದ್ದರಷ್ಟೇ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಇಷ್ಟು ಏರಿಳಿತ ಅಲ್ಪವಲ್ಲವೇ ಎನ್ನಬೇಡಿ. ಗಂಟೆಗೆ 60 ಕಿ.ಮೀ. ಓಡುವಾಗ ಆ ಶಾಫ್ಟ್ ನಿಮಿಷಕ್ಕೆ 2,000 ಸುತ್ತಿನ ಆಸುಪಾಸು ತಿರುಗುತ್ತಿರುತ್ತದೆ.

ಹೇರಿದಾಗ ಪಾಟಾ ಕುಸಿದು ಕೋನ ಹತೋಟಿಗೆ ಬರುತ್ತದೆ. ಹುಬ್ಬಳ್ಳಿಯಲ್ಲಿ ಮಾಲು ಇಳಿಸಿ ಬರುವಾಗ ನೋಡಿ: ಬೆನ್ನು ಎತ್ತರ, ವೇಗವೂ ಹೆಚ್ಚು, ಸೀಟಿನಡಿ ಗುಂಯ್ ಎಂಬ ಸದ್ದು. 'ನಡೀತದ ಬಿಡ್ರಿ' ಎನ್ನುತ್ತಾನೆ ಚಾಲಕ. ಮಿಸ್ತ್ರಿ ಮೊದಲು ವ್ಹೀಲ್ ಬ್ಯಾಲೆನ್ಸ್ ಎನ್ನುತ್ತಾನೆ, ಆಮೇಲೆ ಎಂಜಿನ್ ಮೌಂಟ್ ಎನ್ನುತ್ತಾನೆ, ಕೊನೆಗೆ ಹೊಸ ಕ್ರಾಸ್ ಹೊಡೆದು ಕಳಿಸುತ್ತಾನೆ. ಅದೂ ಹೋಗುತ್ತದೆ, ಪಿನಿಯನ್ ಸೀಲ್ ಸೋರುತ್ತದೆ. ಬೈಗುಳ ಮಾತ್ರ ಗಾಡಿ ಮಾಡಿದ ಕಂಪನಿಗೆ!

ಹೀಗೆ ಬೆನ್ನೇರಿಸಿದ ಕ್ರೂಸರ್ ಗಾಡಿಯ ಒಳಗೂ ಟಾಪಿನ ಮೇಲೂ ಜನರನ್ನು ತುಂಬುವವರಿಗೆ ಏನನ್ನಬೇಕು? ಮುಂದಿನ ಕ್ರಾಸ್ ಮುರಿದು ಶಾಫ್ಟ್ ರಸ್ತೆಗೆ ನಾಟಿದರೆ ಗಾಡಿ ಮಗುಚಲು ಕ್ಷಣ ಸಾಕು.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಮಿತಿಮೀರಿ ಹೇರಿದರೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಅದನ್ನು ತಪ್ಪಿಸಿಕೊಳ್ಳುವ ದಾರಿಗಳು ನಿಮಗೆ ಬಾಯಿಪಾಠ. ಶಾಫ್ಟ್ ಬಿಚ್ಚುವ ಮೊದಲು ಗುರುತು ಹಾಕಬೇಕೆಂಬುದು ಮಾತ್ರ ನೆನಪಾಗುವುದಿಲ್ಲ. ಸ್ಲಿಪ್ ಜಾಯಿಂಟ್ ಒಂದು ಹಲ್ಲು ತಪ್ಪಿ ಕೂತರೂ ಕ್ರಾಸ್‌ಗಳ ಹೊಂದಿಕೆ ಕೆಟ್ಟಂತೆ.

ಮೊದಲು ಆ ಹೆಚ್ಚಿನ ಪಾಟಾ, ಉದ್ದನೆಯ ಶ್ಯಾಕಲ್ ತೆಗೆಸಿ. ಕೋನ ಅಳೆಯಲು ಜೇಬಿನಲ್ಲಿರುವ ಮೊಬೈಲ್ ಸಾಕು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಗೇರ್‌ಬಾಕ್ಸ್ ಫ್ಲ್ಯಾಂಜ್, ಶಾಫ್ಟ್, ಪಿನಿಯನ್ ಫ್ಲ್ಯಾಂಜ್ ಮೂರನ್ನೂ ಅಳೆಯಿರಿ, ಖಾಲಿ ಇದ್ದಾಗ ಒಮ್ಮೆ, ಹೇರಿದಾಗ ಒಮ್ಮೆ. ಎರಡು ಕ್ರಾಸ್‌ಗಳ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಪಾಟಾ, ಆಕ್ಸಲ್ ನಡುವೆ ಓರೆ ಶಿಮ್ ಹಾಕಿಸಿ. ಎಳೆಯುವಾಗ ಪಾಟಾ ತಿರುಚಿ ಪಿನಿಯನ್ ಇನ್ನಷ್ಟು ಮೇಲೇಳುತ್ತದೆ, ಆ ಲೆಕ್ಕವೂ ಇರಲಿ. ಕೋನವನ್ನು ಪೂರ್ತಿ ಸೊನ್ನೆಗೂ ತರಬೇಡಿ. ಕ್ರಾಸಿನ ಸೂಜಿ ಬೇರಿಂಗ್ ಆಡದೆ ಒಂದೇ ಜಾಗದಲ್ಲಿ ಕುಳಿ ಬೀಳುತ್ತದೆ. ಪಾಟಾ ಬಿಗಿಯುವ ಯು ಬೋಲ್ಟ್ ಹೊಸವನ್ನೇ ತನ್ನಿ. ಒಮ್ಮೆ ಜಗ್ಗಿ ಉದ್ದವಾದದ್ದನ್ನೇ ತಿರುಗಿ ಬಿಗಿಯುವ ಚಾಳಿಯನ್ನೂ ಬಿಡಿ.