ಗ್ಲಾಡಿಯೇಟರ್ ಗುಲಾಬಿಯೂ ಮೂರು ದಿನವೂ

ಮೊನ್ನೆ ನಾನು ಮಗನ ಮನೆಗೆ ಹೊರಟಿದ್ದೆ. ನಾನಿಲ್ಲದಾಗ ನನ್ನ ಗುಲಾಬಿಗಳಿಗೆ ನೀರು ಹಾಕುವವಳು ಪಕ್ಕದ ಮನೆಯ ಹುಡುಗಿ. ಪಿಯುಸಿ ಓದುತ್ತಾಳೆ. ಗೇಟಿನ ಹೊರಗೇ ನಿಂತು, "ಆಂಟಿ, ಮೂರು ದಿನ ನನ್ನ ಕೈಲಿ ಆಗಲ್ಲ" ಅಂದಳು. ಯಾಕೆ ಅಂತ ಕೇಳಿದರೆ ದನಿ ತಗ್ಗಿಸಿ, "ನಾನು ಮುಟ್ಟಿದರೆ ಗಿಡ ಒಣಗತ್ತಂತೆ, ಅಜ್ಜಿ ಹೇಳಿದ್ರು" ಎಂದಳು. ಜೀವಶಾಸ್ತ್ರ ಓದುವ ಹುಡುಗಿ! ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ, ಅಜ್ಜಿಯ ಮೇಲೂ ಅಲ್ಲ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ನನ್ನ ಮೇಲೆ.

ನಾನು ಮದುವೆಯಾಗಿ ಬಂದಾಗ ನಮ್ಮ ಮಾವನವರ ಅಂಗಳದಲ್ಲಿ ಒಂದು ಗ್ಲಾಡಿಯೇಟರ್ ಇತ್ತು. ಬೋಗುಣಿಯಷ್ಟು ದೊಡ್ಡ ಕೆಂಪು ಹೂ. ಗೊಬ್ಬರ, ನೀರು, ಹುಳ ಹೆಕ್ಕುವುದು ಎಲ್ಲ ನನ್ನ ಪಾಲು. ತಿಂಗಳಲ್ಲಿ ಮೂರು ದಿನ ಮಾತ್ರ ಅದರ ನೆರಳಿಗೂ ಹೋಗುವಂತಿರಲಿಲ್ಲ. ಒಂದು ಆಗಸ್ಟಿನಲ್ಲಿ ಅದರ ಕಡ್ಡಿಗಳು ತುದಿಯಿಂದ ಕಪ್ಪಾಗುತ್ತ ಬಂದವು. ಅತ್ತೆ ಲೆಕ್ಕ ಹಾಕಿದರು. ಯಾವ ದಿನ, ಯಾರು, ಹಿತ್ತಲಿಗೆ ಯಾವ ಕಡೆಯಿಂದ ಹೋದರು. ಎಲ್ಲರೆದುರು ಲೆಕ್ಕ. ನಾನು ಇಪ್ಪತ್ತೆರಡರ ಹುಡುಗಿ. ಮುಟ್ಟಿಲ್ಲ ಎಂದು ಗೊತ್ತಿದ್ದರೂ, ಸೆರಗು ತಾಗಿತೇನೋ ಎಂದು ನನ್ನನ್ನೇ ನಾನು ಅನುಮಾನಿಸಿದೆ. ಗಿಡ ಸತ್ತಿತು. ಆಪಾದನೆ ಮಾತ್ರ ಬದುಕಿತು.

ಎಷ್ಟೋ ವರ್ಷದ ಮೇಲೆ ಗುಲಾಬಿ ಕೃಷಿಯ ಒಂದು ಪುಸ್ತಕ ತಿರುವುತ್ತಿದ್ದಾಗ ನಮ್ಮ ಮನೆಯ ಗಿಡದ ವರ್ಣನೆಯೇ ಕಣ್ಣಿಗೆ ಬಿತ್ತು. ಕತ್ತರಿಸಿದ ತುದಿಯಿಂದ ಕಪ್ಪು ಕೆಳಗಿಳಿಯುವ ರೋಗ. ಡಿಪ್ಲೋಡಿಯಾ ಎಂಬ ಶಿಲೀಂಧ್ರ ಅದಕ್ಕೆ ಕಾರಣ. ಅದು ಒಳಹೊಗುವುದು ಗಾಯದ ಮೂಲಕ. ಆ ಆಗಸ್ಟಿನಲ್ಲಿ, ಜಡಿಮಳೆ ಹೊಡೆಯುತ್ತಿರುವಾಗ, ಮೊಂಡು ಕತ್ತಿಯಿಂದ ಕಡ್ಡಿಗಳನ್ನು ಜಜ್ಜಿ ಕಡಿದವರು ಮಾವನವರು! ಅವರ ಕೈಗುಣವನ್ನು ಯಾರೂ ವಿಚಾರಿಸಲಿಲ್ಲ. ಮಳೆ ಮುಗಿದ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ, ಹರಿತವಾದ ಕತ್ತರಿಯಿಂದ, ಹೊರಮುಖದ ಕಣ್ಣಿನ ತುಸು ಮೇಲೆ ಓರೆಯಾಗಿ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿದ್ದರೆ ಗಿಡ ಉಳಿಯುತ್ತಿತ್ತು. ಕಪ್ಪಾದದ್ದನ್ನು ಆರೋಗ್ಯದ ಭಾಗದವರೆಗೆ ಕತ್ತರಿಸಿ ತೆಗೆದಿದ್ದರೂ ಆಗುತ್ತಿತ್ತು.

ಎರಡನೆಯ ಗ್ಲಾಡಿಯೇಟರಿನ ಕಥೆ ಇನ್ನೂ ತಮಾಷೆ. ವರ್ಷ ಕಳೆಯುವಷ್ಟರಲ್ಲಿ ಅದು ಎಳ್ಳಿನಷ್ಟೂ ಕೆಂಪಿಲ್ಲದೆ ಗೊಂಚಲು ಗೊಂಚಲು ಸಣ್ಣ ಬಿಳಿ ಹೂ ಬಿಟ್ಟಿತು. "ಮೈಲಿಗೆಗೆ ಗಿಡದ ಜಾತಿಯೇ ಕೆಟ್ಟಿತು" ಎಂದರು ಅತ್ತೆ. ಜಾತಿ ಕೆಡುವುದಕ್ಕೆ ಅದಕ್ಕೇನು ಮನುಷ್ಯರ ಹುಚ್ಚು ಹಿಡಿದಿತ್ತೇ? ನರ್ಸರಿಯ ಗ್ಲಾಡಿಯೇಟರ್ ಸ್ವಂತ ಬೇರಿನ ಮೇಲೆ ನಿಂತದ್ದಲ್ಲ. ಕಾಡುಗುಲಾಬಿಯ ಬೇರಿಗೆ ಅದರ ಕಣ್ಣು ಕಸಿ ಮಾಡಿರುತ್ತಾರೆ. ಕಸಿಯ ಕೆಳಗಿನಿಂದ ಹೊಸ ಚಿಗುರು ಎದ್ದು, ನಾವು ಅದನ್ನೇ ಸಾಕಿದರೆ, ಮೇಲಿನ ಒಳ್ಳೆ ತಳಿ ಸೊರಗಿ ಸಾಯುತ್ತದೆ. ಎಷ್ಟೋ ಕಡೆ ಕಸಿಗೆ ಬಳಸುವ ಮಲ್ಟಿಫ್ಲೋರಾದ ಎಲೆಯಲ್ಲಿ ಸಾಮಾನ್ಯವಾಗಿ ಏಳೋ ಒಂಬತ್ತೋ ಸಣ್ಣ ಎಲೆಗಳಿರುತ್ತವೆ, ಗ್ಲಾಡಿಯೇಟರಿನಲ್ಲಿ ಐದು. ಎಣಿಸಿದರೆ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಎಣಿಸುತ್ತಿದ್ದದ್ದು ನನ್ನ ದಿನಗಳನ್ನು.

ಅಜ್ಜಿಯರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಎರಡು ಸಾವಿರ ವರ್ಷದ ಹಿಂದಿನ ರೋಮಿನ ಪ್ಲಿನಿಯೂ ಮುಟ್ಟಾದವಳು ಸೋಕಿದರೆ ತೋಟ ಒಣಗುತ್ತದೆಂದು ಬರೆದಿಟ್ಟಿದ್ದಾನೆ. ಗಂಟಲಮಾರಿಗೆ ಹೆಸರಾಂತ ಪರೀಕ್ಷೆಯನ್ನು ಕಂಡುಹಿಡಿದ ಬೇಲಾ ಶಿಕ್ ಎಂಬ ದೊಡ್ಡ ವೈದ್ಯ 1920ರಲ್ಲಿ, ಮುಟ್ಟಾದ ಹೆಂಗಸಿನ ಕೈಸೋಕಿ ಹೂಗಳು ಬಾಡಿದವೆಂದು ಹೇಳಿ ಅದಕ್ಕೊಂದು ವಿಷವನ್ನೇ ಊಹಿಸಿದ. ಅಂಥ ವಿಷವೇನೂ ಇಲ್ಲ. ಓದಿದವರ ಗತಿಯೂ ಇದೇ.

ಗಿಡ ನಿಜವಾಗಿಯೂ ಒಣಗುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಒಣಗುತ್ತದೆ! ನಿತ್ಯ ನೀರು ಹೊರುವವಳನ್ನೇ ಏಪ್ರಿಲ್ ಬಿಸಿಲಿನಲ್ಲಿ ಮೂರು ದಿನ ದೂರವಿಟ್ಟು, ಉಳಿದವರು ಒಂದು ಚೊಂಬೂ ಎತ್ತದಿದ್ದರೆ ಕುಂಡದ ಗುಲಾಬಿ ಒಣಗದೆ ಇನ್ನೇನಾದೀತು? ಎಲೆಯ ಅಡಿಗೆ ನೀರು ಚಿಮುಕಿಸುವವರಿಲ್ಲದೆ ಕೆಂಪು ನುಸಿ ಹತ್ತುತ್ತದೆ. ನಾಲ್ಕನೆಯ ದಿನ ಮಿಂದು ಬಂದು ನೋಡಿದರೆ ಎಲೆ ಬಾಡಿರುತ್ತದೆ. ಆಗ ನೀವೇ ಒಪ್ಪಿಕೊಳ್ಳುತ್ತೀರಿ, ನನ್ನಿಂದಲೇ ಎಂದು.

ಇನ್ನೊಂದು ಮಾತು. ಬೆಂಗಳೂರಿನ ಸುತ್ತಲ ಗುಲಾಬಿ ತೋಟಗಳಲ್ಲಿ ನಸುಕಿಗೇ ಹೂ ಬಿಡಿಸುವ ಕೂಲಿಯವರಲ್ಲಿ ಎಷ್ಟೊಂದು ಹೆಂಗಸರು. ಅವರಿಗೆ ಮೂರು ದಿನ ರಜೆ ಕೊಟ್ಟವರನ್ನು ನಾನು ಕಾಣೆ. ಅದೇ ಹೂವನ್ನು ಮಾರುಕಟ್ಟೆಯಿಂದ ತಂದು ದೇವರ ತಲೆಯ ಮೇಲಿಡುತ್ತೇವೆ. ಯಾವ ದೇವರೂ ಹಾರವನ್ನು ಕಿತ್ತೆಸೆದಿಲ್ಲ. ಕೂಲಿ ಮಾಡುವಾಗ ಇಲ್ಲದ ಮೈಲಿಗೆ ಸೊಸೆಯ ಕೈಗೆ ಮಾತ್ರ ಎಲ್ಲಿಂದ ಬಂತು?

ಆ ದಿನ ನಾನು ಹೊರಡುವುದನ್ನು ನಿಲ್ಲಿಸಿ ಹುಡುಗಿಯನ್ನು ಒಳಗೆ ಕರೆದೆ. ನನ್ನ ಗ್ಲಾಡಿಯೇಟರಿನ ಬುಡದಲ್ಲಿ, ಕಸಿಯ ಗಂಟಿನ ಕೆಳಗೆ, ಗೇಣುದ್ದದ ಕಾಡುಚಿಗುರು ಎದ್ದಿತ್ತು. ಎಲೆ ಎಣಿಸು ಎಂದೆ. ಏಳು ಎಣಿಸಿದಳು. ಮಣ್ಣು ಕೆದಕಿ, ಬೇರಿನ ಬಳಿಯಿಂದಲೇ ಕೀಳು, ಮೇಲೆ ಕತ್ತರಿಸಿದರೆ ಮತ್ತೆ ಬರುತ್ತದೆ ಎಂದೆ. ಒಂದು ಕ್ಷಣ ಅನುಮಾನಿಸಿದಳು. ಆಮೇಲೆ ಮೊಣಕಾಲೂರಿ, ಎರಡೂ ಕೈಯಿಂದ ಹಿಡಿದು ಎಳೆದಳು. ಮುಳ್ಳು ತಾಗಿ ಬೆರಳಲ್ಲಿ ಒಂದು ಹನಿ ರಕ್ತ ಬಂತು. ಕಾಂಪೌಂಡಿನ ಆಚೆ ಅಜ್ಜಿ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ, ಒಳಗೆ ಹೋದರು. ನಾನು ಬಸ್ಸಿಗೆ ಹೋದೆ. ಮೂರು ದಿನವೂ ಗಿಡಕ್ಕೆ ನೀರು ಹಾಕಿದವಳು ಅವಳೇ.