ಸರ್ವಮಾನ್ಯದ ಹೊಸ ಒಡೆಯರು

ಕುಂದುರ್ಪಿಯ ವಿದ್ಯಾರ್ಥಿಯೊಬ್ಬ ಫ್ಲಿಪ್‌ಕಾರ್ಟ್‌ನಿಂದ ಹತ್ತು ಸಾವಿರ ರೂಪಾಯಿಯ ಮೊಬೈಲ್ ತರಿಸಿಕೊಂಡರೆ, ಆ ಬೆಲೆಯೊಳಗೆ ಶೇ. 18ರ ಜಿಎಸ್‌ಟಿಯಾಗಿ ಸುಮಾರು 1,525 ರೂಪಾಯಿ ಅಡಗಿರುತ್ತದೆ. ಮನೆಯಲ್ಲಿ ಕಡಲೆಕಾಯಿ ಬೆಳೆ ಒಣಗಿಹೋಗಿದ್ದರೂ ಈ ತೆರಿಗೆಗೆ ವಿನಾಯಿತಿಯಿಲ್ಲ. ಕೊಂಡ ಕ್ಷಣವೇ ಸಂದಾಯವಾಗುತ್ತದೆ.

ಕಂಪನಿಯ ಕಥೆ ಬೇರೆ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್‌ನ ಒಡೆತನ 2011ರಲ್ಲಿ ಸಿಂಗಪುರದ ಕಂಪನಿಯೊಂದರ ಕೈಸೇರಿತು. ಗೋದಾಮು, ಗಿರಾಕಿ, ದುಡಿಮೆ ಎಲ್ಲವೂ ಇಲ್ಲಿ. ಒಡೆತನದ ಕಾಗದ ಮಾತ್ರ ಅಲ್ಲಿತ್ತು. ವಿದೇಶಿ ಬಂಡವಾಳದ ಮೇಲೆ ಭಾರತ ಹಾಕಿದ್ದ ನಿರ್ಬಂಧಗಳೂ ಇದಕ್ಕೆ ಕಾರಣವೆಂಬುದನ್ನು ಮರೆಮಾಚಬೇಕಿಲ್ಲ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ತೆತ್ತು ಶೇ. 77ರಷ್ಟು ಪಾಲನ್ನು ಕೊಂಡಿತು. ಆಗ ತನ್ನ ಷೇರುಗಳನ್ನು ಮಾರಿದವರಲ್ಲಿ ಅಮೆರಿಕದ ಟೈಗರ್ ಗ್ಲೋಬಲ್ ಒಂದು. ಆದರೆ ಮಾರಿದ್ದು ಅದರ ಮಾರಿಷಸ್ ಕಂಪನಿಗಳ ಹೆಸರಿನಲ್ಲಿ. 1982ರ ಒಪ್ಪಂದದ ಪ್ರಕಾರ ಮಾರಿಷಸ್ ನಿವಾಸಿಗಳ ಷೇರು ಲಾಭಕ್ಕೆ ತೆರಿಗೆ ಹಾಕುವ ಹಕ್ಕು ಮಾರಿಷಸ್ಸಿನದು. ಮಾರಿಷಸ್ ಅಂಥ ಲಾಭಕ್ಕೆ ತೆರಿಗೆ ಹಾಕುವುದೇ ಇಲ್ಲ! 2016ರಲ್ಲಿ ಒಪ್ಪಂದವನ್ನು ತಿದ್ದಿದರೂ 2017ರ ಏಪ್ರಿಲ್ 1ಕ್ಕೆ ಮೊದಲು ಕೊಂಡ ಷೇರುಗಳಿಗೆ ರಕ್ಷಣೆ ಉಳಿಯಿತು. ನಿಜವಾದ ಹಿಡಿತ ಅಮೆರಿಕದಲ್ಲಿದೆಯೆಂದು 2020ರಲ್ಲಿ ಮುಂಗಡ ತೀರ್ಪುಗಳ ಪ್ರಾಧಿಕಾರ ಆಕ್ಷೇಪಿಸಿತು. 2024ರಲ್ಲಿ ದೆಹಲಿ ಹೈಕೋರ್ಟ್ ಕಂಪನಿಯ ಪರ ನಿಂತಿತು. ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕಾನೂನು ಪಂಡಿತರೇ ಒಮ್ಮತಕ್ಕೆ ಬಾರದ ಈ ಜಾಡಿನಲ್ಲಿ ಸಾಮಾನ್ಯ ತೆರಿಗೆದಾರ ದಾರಿ ಕಾಣುವುದೆಂತು?

ಇನ್ನೂ ಸದ್ದಿಲ್ಲದ ಉಪಾಯವೊಂದಿದೆ. ಹೆಸರು, ಚಿಹ್ನೆ, ತಂತ್ರಾಂಶಗಳ ಹಕ್ಕನ್ನು ಕಡಿಮೆ ತೆರಿಗೆಯ ದೇಶದ ಅಂಗಸಂಸ್ಥೆಗೆ ಬರೆದುಕೊಟ್ಟು, ಇಲ್ಲಿಯ ಶಾಖೆ ಅದಕ್ಕೆ ವರ್ಷವರ್ಷವೂ ರಾಯಧನ ಕಟ್ಟುವುದು. ಇಲ್ಲಿ ಅದು ಖರ್ಚು, ಅಲ್ಲಿ ಲಾಭ. ಹಣ ಮಾತ್ರ ಒಂದೇ ಮನೆಯದು.

ಪತ್ರಿಕೆಗಳು ಇಂಥ ನಾಡುಗಳನ್ನು 'ತೆರಿಗೆ ಸ್ವರ್ಗ' ಎನ್ನುತ್ತವೆ. ಮೂಲದ ಇಂಗ್ಲಿಷ್ ಪದಕ್ಕೆ ಬಂದರು, ಆಸರೆ ಎಂಬ ಅರ್ಥವಿದೆಯೇ ಹೊರತು ಸ್ವರ್ಗವೆಂದಲ್ಲ. ಕನ್ನಡದಲ್ಲಿ ಇದಕ್ಕಿಂತ ಹಳೆಯ, ಹೆಚ್ಚು ಖಚಿತವಾದ ಮಾತೊಂದಿದೆ: ಸರ್ವಮಾನ್ಯ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಇದೇ ಸೀಮೆಯಲ್ಲಿದೆ. ಶಾಸನ ಓದುವ ವಿದ್ಯಾರ್ಥಿಗೆ ಸುಂಕ, ಸಿದ್ಧಾಯಗಳ ಭಾಷೆ ಹೊಸತಲ್ಲ. ಭೂಮಿಯನ್ನು ತೆರಿಗೆಯಿಲ್ಲದೆ ಬಿಡುವಾಗ ದಾನ ಯಾರದು, ಯಾರಿಗೆ, ಎಲ್ಲೆ ಯಾವುದು ಎಂಬುದನ್ನು ಕಲ್ಲಿನಲ್ಲಿ ಕೊರೆದು ಊರ ನಡುವೆಯೋ ಗುಡಿಯ ಮುಂದೆಯೋ ನಿಲ್ಲಿಸುತ್ತಿದ್ದರು. ಆ ವಿನಾಯಿತಿಗಳೆಲ್ಲ ನ್ಯಾಯವಾಗಿದ್ದವೆಂದಲ್ಲ. ಒಬ್ಬನಿಗೆ ಬಿಟ್ಟ ಹೊರೆ ಉಳಿದವರ ಹೆಗಲೇರಿರಲೂ ಸಾಕು. ಆದರೂ ವಿನಾಯಿತಿ ಪಡೆದವನ ಹೆಸರು ಊರಿಗೆಲ್ಲ ತಿಳಿದಿತ್ತು.

ಇಂದಿನ ಸರ್ವಮಾನ್ಯಕ್ಕೆ ಶಿಲೆಯಿಲ್ಲ. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳು ಯಾವ ದೇಶದಲ್ಲಿ ಎಷ್ಟು ಗಳಿಸಿ ಎಷ್ಟು ತೆರಿಗೆ ಕಟ್ಟಿದವೆಂಬ ದೇಶವಾರು ವರದಿಯನ್ನು ಸಲ್ಲಿಸಬೇಕೆಂದು ಭಾರತ 2016ರಲ್ಲೇ ಕಾನೂನು ಮಾಡಿದೆ. ಆ ವರದಿಯನ್ನು ಬಹಿರಂಗಪಡಿಸಲು ವ್ಯಾಪಾರದ ಗುಟ್ಟಿನ ನೆಪ ಅಡ್ಡ ಬರಬಾರದು. ಗಳಿಕೆ, ನೌಕರರ ಸಂಖ್ಯೆ, ಕಟ್ಟಿದ ತೆರಿಗೆ ಇವು ಗುಟ್ಟುಗಳಲ್ಲ. ಸದ್ಯಕ್ಕೆ ಅದು ತೆರಿಗೆ ಇಲಾಖೆಯ ಕಡತದಲ್ಲಿದೆ. 1,525 ರೂಪಾಯಿ ಕಟ್ಟಿದ ವಿದ್ಯಾರ್ಥಿಗೆ ಅದನ್ನು ಓದುವ ಅಧಿಕಾರವಿಲ್ಲ.